ಹೆಬ್ಬೆಟ್ಟುಗಳ ಸುತ್ತಿನಲ್ಲಿ ನಾಯಕನನ್ನು ಹುಡುಕಿದವರಿಗೆ

ಪ್ರಾತಿನಿಧ್ಯ ಚರಿತ್ರೆ ಗ್ಯಾಲರಿಯ ವಿಶೇಷಾಧಿಕಾರಿಗಳಾದ ಮಾನ್ಯರೇ,

ನಮ್ಮ ಕೇರಿಯ ಒಂದು ಹಳೆಯ ಕಾಗದ ನಿಮ್ಮ ವಶದಲ್ಲಿದೆ. ಅದರಲ್ಲಿ ನಲವತ್ತೆರಡು ಜನ ಕಲ್ಲು ಒಡೆಯುವವರು ಹೆಬ್ಬೆಟ್ಟು ಒತ್ತಿ, ‘ಈ ಮನುಷ್ಯ ನಮ್ಮ ಪ್ರತಿನಿಧಿ ಅಲ್ಲ’ ಎಂದು ಸರ್ಕಾರಕ್ಕೆ ಬರೆಸಿದ್ದರು. ನೀವು ಅದೇ ಮನುಷ್ಯನನ್ನು ಅವರ ನಾಯಕನೆಂದು ಕರೆದು ಗೋಡೆಗೆ ಏರಿಸಲು ಹೊರಟಿದ್ದೀರಿ. ಬರುವ ತಿಂಗಳ ಎರಡನೇ ಭಾನುವಾರ ಉದ್ಘಾಟನೆ. ಆ ಸುಳ್ಳು ಒಕ್ಕಣೆಯ ಕಡತದಲ್ಲಿ ‘ಸಮುದಾಯದ ಒಪ್ಪಿಗೆ ಇದೆ’ ಎಂಬುದಕ್ಕೆ ಒಂದು ಸಹಿ ಇದೆ, ಆ ಸಹಿ ನನ್ನದು. ಹಾಗಾಗಿ ಈ ದೂರು ಅರ್ಧ ನಿಮ್ಮ ಮೇಲೆ, ಅರ್ಧ ನನ್ನ ಮೇಲೆ. ನನ್ನ ಪಾಲನ್ನು ನಾನು ತಪ್ಪಿಸಿಕೊಳ್ಳುವುದಿಲ್ಲ. ನಿಮ್ಮ ಪಾಲನ್ನು ನೀವು ತಪ್ಪಿಸಿಕೊಳ್ಳಬಾರದೆಂದೇ ಇದನ್ನು ಎಲ್ಲರೂ ಓದುವ ಪತ್ರಿಕೆಗೆ ಕೊಟ್ಟಿದ್ದೇನೆ.

ಪತ್ರ ಕನ್ನಡದಲ್ಲಿ ಏಕೆ ಎಂದು ನೀವು ಹುಬ್ಬೇರಿಸಬಹುದು. ಪುಣೆಯ ಸದಾಶಿವ ಪೇಠದ ನಿಮ್ಮ ಕಚೇರಿಯಲ್ಲಿ ನಾನು ಮಾತಾಡಿದ್ದೆಲ್ಲ ಮರಾಠಿಯಲ್ಲೇ. ಚಾಕಣದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಸ್ಟೋರ್ ಗುಮಾಸ್ತೆಯಾಗಿ ದುಡಿದದ್ದೂ ಮರಾಠಿಯಲ್ಲೇ. ಆ ಭಾಷೆಯ ಮೇಲೆ ನನಗೆ ಮುನಿಸಿಲ್ಲ, ಅದು ನನಗೆ ಅನ್ನ ಕೊಟ್ಟಿದೆ. ಆದರೆ ನಮ್ಮ ಹಿರಿಯರ ಕಾಗದ ಕನ್ನಡದಲ್ಲಿತ್ತು, ಅದನ್ನು ಪೂರ್ತಿ ಓದಿಸಿಕೊಳ್ಳುವ ತೊಂದರೆಯನ್ನು ನೀವು ತೆಗೆದುಕೊಳ್ಳಲಿಲ್ಲ. ಈ ಪತ್ರ ಅಚ್ಚಾದ ಮೇಲೆ ಯಾರಾದರೂ ನಿಮಗೆ ಫೋನ್ ಮಾಡಿ, ‘ಸಾಹೇಬರೇ, ನಿಮ್ಮ ಬಗ್ಗೆ ಏನೋ ಬಂದಿದೆ’ ಎನ್ನುತ್ತಾರೆ. ಆಗ ನೀವು ಅರ್ಧ ಗಂಟೆಯೊಳಗೆ ಕನ್ನಡ ಬಲ್ಲವರನ್ನು ಹುಡುಕಿ ಎದುರಿಗೆ ಕೂರಿಸಿಕೊಳ್ಳುತ್ತೀರಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅವರು ಹೊರಡುವ ಮೊದಲು ನಮ್ಮ ಕಾಗದವನ್ನೂ ಅವರಿಂದ ಓದಿಸಿಕೊಳ್ಳಿ.

ಶುರುವಿನಿಂದ ಹೇಳುತ್ತೇನೆ. ಬ್ರಿಟಿಷರ ಕಾಲದ ಸಂವಿಧಾನ ಸುಧಾರಣೆಗಳಲ್ಲಿ ಅಲ್ಪಸಂಖ್ಯಾತರಿಗೂ ನಿಮ್ನ ವರ್ಗಗಳಿಗೂ ಎಷ್ಟು ಜಾಗ ಸಿಕ್ಕಿತು ಎಂದು ತೋರಿಸುವ ಗ್ಯಾಲರಿ ಮಾಡುತ್ತೇವೆ, ಮನೆಮನೆಗಳಲ್ಲಿರುವ ದಾಖಲೆ ಕೊಡಿ ಎಂದು ನೀವು ಪ್ರಕಟಣೆ ಹೊರಡಿಸಿದಿರಿ. ಪುಣೆಯಲ್ಲಿ ಇಂಥದೊಂದು ಗ್ಯಾಲರಿ ಇರಬೇಕಾದದ್ದೇ, ನಮ್ಮ ಹಣೆಬರಹವನ್ನು ಬರೆದ ಒಪ್ಪಂದಕ್ಕೆ ಸಹಿ ಬಿದ್ದದ್ದು ಇದೇ ಊರಿನ ಯರವಡಾ ಜೈಲಿನಲ್ಲಿ. ನಿಮ್ಮ ಪ್ರಕಟಣೆ ಬಂದ ದಿನ ದೇಹೂ ರೋಡಿನ ನಮ್ಮ ಕೇರಿಯಲ್ಲಿ ಹಬ್ಬದ ಸಂಭ್ರಮ ಇತ್ತು. ಸೇಡಂ, ಚಿತಾಪುರ ಕಡೆಯಿಂದ ನೂರು ವರ್ಷಗಳ ಹಿಂದೆ ಸುತ್ತಿಗೆ, ಉಳಿ ಹಿಡಿದು ಬಂದವರ ಮೊಮ್ಮಕ್ಕಳು, ಮರಿಮಕ್ಕಳು ನಾವು. ಈ ಊರಿನ ರಸ್ತೆಗಳ ಕೆಳಗೆ ಬಿದ್ದಿರುವ ಜಲ್ಲಿ ನಮ್ಮವರು ಒಡೆದದ್ದು ಎಂದು ನಾವೇ ಹೇಳಿಕೊಳ್ಳುತ್ತಿದ್ದೆವು, ಬೇರೆ ಯಾರೂ ಕೇಳಿರಲಿಲ್ಲ. ಈಗ ಸರ್ಕಾರಿ ಮುದ್ರೆಯ ಕಾಗದವೊಂದು ಕೇಳಿತಲ್ಲ ಎಂದು ಹಿಗ್ಗಿದೆವು. ಹಿಗ್ಗಬಾರದಿತ್ತು.

ನೀವು ದಾಖಲೆಯ ಜೊತೆಗೆ ಒಬ್ಬ ‘ಸಮುದಾಯ ಪ್ರತಿನಿಧಿ’ಯನ್ನೂ ಕೇಳಿದಿರಿ. ಆನ್‌ಲೈನ್ ಅರ್ಜಿಯಲ್ಲಿ ನಾಲ್ಕು ಚೌಕ. ಸಮುದಾಯದವರು ನಾಲ್ಕು ಹೆಸರು ಕೊಡಬೇಕು, ಅದರಲ್ಲಿ ಒಬ್ಬರನ್ನು ನಿಮ್ಮ ಪೂರ್ಣ ಸಮಿತಿ ಆರಿಸುತ್ತದೆ. ನಮ್ಮಲ್ಲಿ ಸಭೆ ಸೇರಿತು. ಮೊದಲ ಹೆಸರು ನನ್ನ ತಮ್ಮ ಜೈಭೀಮನದು, ಮಿಲಿಟರಿ ಡಿಪೋದಲ್ಲಿ ಕೆಲಸ ಮಾಡುತ್ತ ನಲವತ್ತು ವರ್ಷಗಳಿಂದ ಈ ವಿಷಯವನ್ನೇ ಓದಿದವನು. ಎರಡನೆಯದು ತನಿಯಪ್ಪನವರದು, ಯಾವ ಸಭೆಯಲ್ಲೂ ಮೂರು ಪ್ರಶ್ನೆ ಕೇಳದೆ ಏಳದವರು. ಮೂರನೆಯದು ವಕೀಲ ಸುದೀಪನದು. ಈ ಮೂವರ ಮೇಲೆ ಒಂದು ಗಂಟೆ ವಾದ ನಡೆಯಿತು. ಮೂರೇ ಹೆಸರು ಹಾಕಿದರೆ ನಿಮ್ಮ ಅರ್ಜಿ ಮುಂದಕ್ಕೆ ಹೋಗಲೊಲ್ಲದು, ನಾಲ್ಕನೇ ಚೌಕ ಕೆಂಪಗಾಗುತ್ತಿತ್ತು. ನಾನು ಆಗ ಎಲ್ಲರಿಗೂ ಚಹಾ ಕೊಡುತ್ತಿದ್ದೆ. ‘ಅಕ್ಕಾಂದು ಬರದ್ ಬಿಡ್ರಿ, ಚೌಕ ತುಂಬಿದ್ರ ಸಾಕು’ ಎಂದು ಜೈಭೀಮ ನಕ್ಕ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಹದಿನೈದು ದಿನಗಳ ಮೇಲೆ ನಿಮ್ಮ ಪತ್ರ ಬಂತು. ಓದಿದವನನ್ನು ಬಿಟ್ಟು, ಪ್ರಶ್ನೆ ಕೇಳುವವರನ್ನು ಬಿಟ್ಟು, ವಕೀಲನನ್ನು ಬಿಟ್ಟು ನೀವು ಚಹಾ ಕೊಟ್ಟವಳನ್ನು ಆರಿಸಿದ್ದಿರಿ. ಇದನ್ನು ಮಹಿಳೆಗೆ ಕೊಟ್ಟ ಗೌರವ ಎಂದು ನಿಮ್ಮ ಸಹಾಯಕರು ಹೇಳಿದರು. ನಾನು ನಂಬಿದೆ. ಹೊಸ ಸೀರೆ ಉಟ್ಟು, ದೇಹೂ ರೋಡಿನಿಂದ ಲೋಕಲ್ ಹಿಡಿದು, ಶಿವಾಜಿನಗರದಲ್ಲಿ ಇಳಿದು, ರಿಕ್ಷಾ ಮಾಡಿಕೊಂಡು ನಿಮ್ಮ ಕಚೇರಿ ಇರುವ ಹಳೇ ವಾಡೆಯ ಮೆಟ್ಟಿಲು ಹತ್ತಿದೆ. ಕೆಳಗೆ ಕೋಚಿಂಗ್ ಕ್ಲಾಸಿನ ಹುಡುಗ ಹುಡುಗಿಯರ ಗದ್ದಲ, ಮೇಲೆ ನಿಮ್ಮ ಎಸಿ ಕೋಣೆ. ಮೂರು ಸಭೆಗಳಿಗೆ ಹೀಗೆ ಬಂದೆ. ಮೂರರಲ್ಲೂ ಒಂದು ಮಾತೂ ಆಡಲಿಲ್ಲ. ನೀವು ನನ್ನನ್ನು ಏಕೆ ಆರಿಸಿದಿರಿ ಎಂದು ನನಗೆ ಅರ್ಥವಾಗಲು ಅಷ್ಟು ಸಮಯ ಹಿಡಿಯಿತು ನೋಡಿ.

ಈಗ ಕಾಗದದ ವಿಷಯ. 1928ರ ಅಕ್ಟೋಬರಿನಲ್ಲಿ ಸುಧಾರಣೆಗಳ ವಿಚಾರಣೆಗೆಂದು ವಿಲಾಯತಿಯಿಂದ ಬಂದಿದ್ದ ಆಯೋಗ ಪುಣೆಗೂ ಬಂದಿತ್ತು. ಅದರಲ್ಲಿ ಒಬ್ಬ ಭಾರತೀಯನೂ ಇರಲಿಲ್ಲ, ಹಾಗೆಂದೇ ದೇಶವೆಲ್ಲ ಕಪ್ಪು ಬಾವುಟ ಹಿಡಿದಿತ್ತು. ಆ ಸಿಟ್ಟು ನ್ಯಾಯದ್ದೇ. ಆದರೆ ನಮ್ಮವರಿಗೆ ಅದಕ್ಕಿಂತ ಹಳೆಯ ಒಂದು ಸಿಟ್ಟಿತ್ತು. 1919ರ ಸುಧಾರಣೆಯಲ್ಲಿ ಮತದ ಹಕ್ಕು ಬಂದದ್ದು ಹೊಲ ಇದ್ದವರಿಗೆ, ಮನೆ ಇದ್ದವರಿಗೆ, ತೆರಿಗೆ ಕಟ್ಟುವವರಿಗೆ. ಅದಕ್ಕೂ ಹತ್ತು ವರ್ಷ ಮೊದಲೇ ಮುಸಲ್ಮಾನರಿಗೆ ಅವರದೇ ಮತದಾರರ ಪಟ್ಟಿ ಸಿಕ್ಕಿತ್ತು. ನಮ್ಮಂಥವರ ಪಾಲಿಗೆ ಬಂದದ್ದು ನೇಮಕ. ಮುಂಬಯಿಯ ಶಾಸನ ಸಭೆಯಲ್ಲಿ ನಮ್ಮ ಪರವಾಗಿ ಕೂರಲು ಸರ್ಕಾರವೇ ಒಬ್ಬಿಬ್ಬರನ್ನು ನೇಮಿಸುತ್ತಿತ್ತು. ಕಲ್ಲುಗಣಿಯ ಪಕ್ಕದಲ್ಲಿ ತಟ್ಟಿಯ ಗುಡಿಸಲು ಹಾಕಿಕೊಂಡಿದ್ದ ನಿಜಾಮನ ಸೀಮೆಯ ಜನರಿಗೆ ಇಲ್ಲಿ ಮತ ಇರಲಿಲ್ಲ, ಅವರ ಸೀಮೆಯಲ್ಲಂತೂ ಮತ ಹಾಕುವುದೆಂದರೆ ಏನೆಂದೇ ಯಾರಿಗೂ ಗೊತ್ತಿರಲಿಲ್ಲ.

ಆ ಗಣಿಯಲ್ಲಿ ಫಕೀರಪ್ಪನೆಂಬ ಮುಕಾದಮನಿದ್ದ. ಬೆಳಿಗ್ಗೆ ಯಾರಿಗೆ ಕೆಲಸ, ಯಾರಿಗೆ ಇಲ್ಲ ಎಂದು ಹೇಳುವವನು ಅವನು. ಆಯೋಗ ಬರುವ ಸುದ್ದಿ ಕೇಳಿದ್ದೇ ತಡ, ‘ಈ ಕೂಲಿಗಳ ಮುಖಂಡ ನಾನು, ಇವರ ಪರವಾಗಿ ಯಾವ ಕಮಿಟಿಗಾದರೂ ನೇಮಿಸುವುದಾದರೆ ನನ್ನನ್ನು ನೇಮಿಸಿ’ ಎಂದು ಅವನು ಅರ್ಜಿ ಬರೆಸಿಕೊಂಡ. ಅದು ಗಣಿಯವರಿಗೆ ತಿಳಿಯಿತು. ತಿಳಿದು ಅವರು ಸುಮ್ಮನೆ ಕೂರಲಿಲ್ಲ, ತಾವೂ ಒಂದು ಅರ್ಜಿ ಬರೆಸಿದರು. ಕ್ಯಾಂಪಿನ ದವಾಖಾನೆಯಲ್ಲಿದ್ದ ಬಿಜಾಪುರ ಕಡೆಯ ಕಂಪೌಂಡರನೊಬ್ಬ ಅವರು ಹೇಳಿದ ಹಾಗೆ ಕನ್ನಡದಲ್ಲಿ ಬರೆದುಕೊಟ್ಟ.

ಸಹಿ ಮಾಡುವುದು ಹೇಗೆ ಎಂಬಲ್ಲಿ ನಮ್ಮವರದೇ ಒಂದು ರೀತಿ ಇತ್ತು. ಅದಕ್ಕೂ ಎರಡು ವರ್ಷ ಹಿಂದೆ ಕುಡಿಯುವ ನೀರಿಗೆಂದು ಅರ್ಜಿ ಕೊಟ್ಟಾಗ, ಪಟ್ಟಿಯಲ್ಲಿ ಮೊದಲ ಹೆಸರಿದ್ದವನನ್ನು ಮರುದಿನವೇ ಗಣಿಯಿಂದ ಓಡಿಸಿದ್ದರು. ಅಂದಿನಿಂದ ಅವರು ಪಟ್ಟಿ ಮಾಡುವುದನ್ನೇ ಬಿಟ್ಟರು. ಹಿಟ್ಟು ನಾದುವ ಪರಾತವನ್ನು ಕಾಗದದ ಮೇಲೆ ಕವುಚಿ ಇಟ್ಟು, ಸುತ್ತ ಇದ್ದಲಿನ ಗೆರೆ ಎಳೆದು, ದೀಪದ ಕಾಡಿಗೆಯಲ್ಲಿ ಬೆರಳು ಅದ್ದಿ ಆ ಗೆರೆಗುಂಟ ಹೆಬ್ಬೆಟ್ಟು ಒತ್ತುವುದು. ಹೆಂಗಸರೂ ಒತ್ತುವುದು. ಬರೆದುಕೊಟ್ಟವನೂ ಅದೇ ಸುತ್ತಿನಲ್ಲಿ ಒತ್ತುವುದು. ಹೆಸರು ಹಾಕುವಂತಿಲ್ಲ. ಸುತ್ತಿನಲ್ಲಿ ಮೊದಲಿಲ್ಲ, ಕೊನೆಯಿಲ್ಲ, ಹಾಗಾಗಿ ಯಾರನ್ನು ಓಡಿಸಬೇಕೆಂದು ಯಾರಿಗೂ ತಿಳಿಯುವುದಿಲ್ಲ. ಅಕ್ಷರ ಬಾರದವರು ಕಂಡುಕೊಂಡ ಉಪಾಯ ಇದು.

ಆ ಅರ್ಜಿ ಎಷ್ಟು ದೂರ ಹೋಯಿತೋ ನಮಗೆ ಗೊತ್ತಿಲ್ಲ. ಯಾವುದೋ ಕಚೇರಿಯ ಗುಮಾಸ್ತ ಅದನ್ನು ತಿರುಗಿಸಿ, ಹಿಂಭಾಗದಲ್ಲಿ ಕೆಂಪು ಶಾಯಿಯಿಂದ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದು ವಾಪಸು ಕಳಿಸಿದ: ‘ಮುಖಂಡನ ಹೆಸರಿಲ್ಲ, ಸ್ವೀಕರಿಸಲಾಗದು.’ ಹಾಗೆ ಹಿಂದಿರುಗಿದ್ದರಿಂದಲೇ ಅದು ನಮ್ಮಲ್ಲಿ ಉಳಿಯಿತು. ನಿಮ್ಮ ಪ್ರಕಟಣೆ ನಂಬಿ ನಿಮಗೆ ಕೊಡುವವರೆಗೂ ನನ್ನ ಸೋದರತ್ತೆ ತಿಪ್ಪವ್ವಳ ಟ್ರಂಕಿನಲ್ಲಿ, ಹಳೆಯ ರೇಷ್ಮೆ ಖಣದ ಮಡಿಕೆಯಲ್ಲಿ ಇತ್ತು. ಕೇರಿಯಲ್ಲಿ ಹೊಸ ಪಂಚರನ್ನು ಆರಿಸುವಾಗಲೆಲ್ಲ ಅದನ್ನು ತೆಗೆದು ಚಾಪೆಯ ಮೇಲೆ ಹರವುವುದು, ಆರಿಸಿ ಬಂದವರು ಆ ಸುತ್ತನ್ನು ಒಮ್ಮೆ ಮುಟ್ಟುವುದು ನಮ್ಮ ವಾಡಿಕೆ. ಅತ್ತೆಗೆ ಎಂಬತ್ತನಾಲ್ಕು ವರ್ಷ, ಓದಲು ಬಾರದು. ಆದರೆ ಅರ್ಜಿಯ ಮಾತು ಅವಳಿಗೆ ಬಾಯಿಪಾಠ. ಅವಳ ಆಯಿ, ಅಂದರೆ ಅಜ್ಜಿ, ಹೇಳಿಕೊಟ್ಟದ್ದು ಹೀಗೆ:

‘ನಮ್ಮ ಹೆಸರಿಲೆ ಒಬ್ಬಾವ್ನ ಕುಂದರ್ಸ್ತೀರಿ ಅಂದ್ರ, ಆರ್ಸಾವ್ರು ನಾವು ಆಗ್ಬೇಕ್ರಿ. ಫಕೀರಪ್ಪ ನಮ್ಮ ಮುಕಾದಮ ಅದಾನ, ಕೆಲಸ ಹಂಚತಾನ. ಅವ ನಮ್ಮ ಬಾಯಿ ಅಲ್ಲ. ನಮಗ ಬಾಯಿ ಅದ.’

ಮಾನ್ಯರೇ, ಇಡೀ ಅರ್ಜಿಯಲ್ಲಿರುವುದು ಒಂದೇ ಒಂದು ಹೆಸರು, ಅದು ಬೇಡವಾದವನ ಹೆಸರು. ನಿಮ್ಮ ಕಚೇರಿಗೆ ಪ್ರದರ್ಶನಕ್ಕೊಬ್ಬ ನಾಯಕ ಬೇಕಾಗಿದ್ದ. ನಿಮ್ಮವರು ಕಾಗದದಲ್ಲಿ ಹೆಸರು ಹುಡುಕಿದರು, ಫಕೀರಪ್ಪ ಸಿಕ್ಕ. ಗೋಡೆಯಲ್ಲಿ ಜಾಗ ಸಾಲದೆಂದು ಮೊದಲ ಮೂರು ಸಾಲನ್ನಷ್ಟೇ ದೊಡ್ಡದು ಮಾಡಿ, ‘ಫಕೀರಪ್ಪ ನಮ್ಮ ಮುಕಾದಮ’ ಎಂಬಲ್ಲಿಗೆ ಚಿತ್ರವನ್ನು ಕತ್ತರಿಸಿದರು. ಸುತ್ತಿನಲ್ಲಿದ್ದ ಹೆಬ್ಬೆಟ್ಟುಗಳನ್ನು ಕಂಪ್ಯೂಟರಿನಲ್ಲಿ ಬಿಡಿಸಿ, ಶಾಲೆಯ ಹಾಜರಿಗೆ ನಿಲ್ಲಿಸಿದ ಹಾಗೆ ಆರು ಸಾಲು ಮಾಡಿ, ಒಂದರಿಂದ ನಲವತ್ತೆರಡರವರೆಗೆ ಅಂಕಿ ಕೊಟ್ಟರು. ಎಲ್ಲಕ್ಕಿಂತ ಮೇಲಿದ್ದ ಹೆಬ್ಬೆಟ್ಟಿಗೆ ಒಂದನೇ ಅಂಕಿ ಸಿಕ್ಕಿತು, ಅದರ ಕೆಳಗೆ ಫಕೀರಪ್ಪನ ಹೆಸರು ಬಂತು. ‘ಮುಕಾದಮ ಫಕೀರಪ್ಪ ಮತ್ತು ಅವರ ನಲವತ್ತೊಂದು ಅನುಯಾಯಿಗಳ ಮನವಿ.’ ಮೇಲು ಎಂದರೆ ಯಾವ ಕಡೆ? ದುಂಡಗಿನ ಸುತ್ತಿನಲ್ಲಿ ಮೇಲು ಯಾವುದು ಎಂದು ನಿಮಗೆ ಹೇಳಿದವರು ಯಾರು?

ಮೂರನೇ ಸಭೆಯ ಕೊನೆಯಲ್ಲಿ ನಿಮ್ಮ ಸಹಾಯಕರು ಹಾಳೆಗಳ ಒಂದು ಕಟ್ಟನ್ನು ನನ್ನ ಮುಂದೆ ಇಟ್ಟರು. ಮೇಲಿನ ಹಾಳೆಯಷ್ಟೇ ಕಾಣುತ್ತಿತ್ತು. ‘ಮ್ಯಾಡಮ್, ಇಥೆ ಸಹೀ ಕರಾ,’ ಎಂದು ಬೆರಳಿಟ್ಟು ತೋರಿಸಿದರು. ನಾನು ಮಾಡಿದೆ. ಇಪ್ಪತ್ತಾರು ವರ್ಷ ಕಾರ್ಖಾನೆಯಲ್ಲಿ ಗೇಟ್ ಪಾಸಿಗೆ ಮಾಡಿದ ಹಾಗೆ, ಬೆರಳು ತೋರಿಸಿದಲ್ಲಿ ಮಾಡಿದೆ. ನಮ್ಮ ಹಿರಿಯರಿಗೆ ಸಹಿ ಮಾಡಲು ಬರುತ್ತಿರಲಿಲ್ಲ, ಆದರೆ ಕಂಪೌಂಡರನಿಂದ ಮೂರು ಸಲ ಓದಿಸಿಕೊಂಡು ಆಮೇಲೆ ಹೆಬ್ಬೆಟ್ಟು ಒತ್ತಿದ್ದರಂತೆ. ನನಗೆ ಮೂರು ಭಾಷೆ ಓದಲು ಬರುತ್ತದೆ. ನಾನು ಒಂದು ಸಲವೂ ಓದಲಿಲ್ಲ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ.

ತಪ್ಪು ಹಿಡಿದದ್ದು ನಾನಲ್ಲ, ಜೈಭೀಮನೂ ಅಲ್ಲ. ಉದ್ಘಾಟನೆಯ ಆಮಂತ್ರಣ ಪತ್ರಿಕೆ ಬಂದ ದಿನ ನಾನು ಅದನ್ನು ಅತ್ತೆಗೆ ತೋರಿಸಲು ಓಡಿದೆ. ದೀಪ ಬೆಳಗಿಸುವವರ ಸಾಲಿನಲ್ಲಿ ಅವಳ ಹೆಸರಿತ್ತು. ಪತ್ರಿಕೆಯ ಮುಖಪುಟದಲ್ಲಿ ನಿಮ್ಮ ಗ್ಯಾಲರಿಯ ಗುರುತಾಗಿ ಒಂದನೇ ನಂಬರಿನ ಹೆಬ್ಬೆಟ್ಟನ್ನು ದೊಡ್ಡದಾಗಿ ಅಚ್ಚು ಹಾಕಿಸಿದ್ದಿರಿ. ಅತ್ತೆ ಹಿತ್ತಲಲ್ಲಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಪತ್ರಿಕೆಯನ್ನು ಬಿಸಿಲಿಗೆ ಹಿಡಿದು ನೋಡಿದವಳೇ ಮುಖ ಅರಳಿಸಿದಳು.

‘ಯವ್ವಾ, ಇದು ನಮ್ಮಾಯಿ ಹೆಬ್ಬಟ್ಟ ಅಲ್ಲೇನ!’

ಅವಳ ಆಯಿ ಎಂದರೆ ಮರೆವ್ವ, ನನ್ನ ಮುತ್ತಜ್ಜಿ. ಮರೆವ್ವನ ಬಲಗೈ ಹೆಬ್ಬೆರಳು ಎಳೆಯ ವಯಸ್ಸಿನಲ್ಲಿ ಉಳಿಯ ಏಟಿಗೆ ಸೀಳಿ, ಕೂಡಿಕೊಂಡ ಮೇಲೂ ಗೆರೆ ಉಳಿದಿತ್ತು. ಹೆಬ್ಬೆಟ್ಟಿನ ಅಚ್ಚಿನಲ್ಲಿ ಆ ಗೆರೆ ಓರೆಯಾಗಿ, ಬೆಳ್ಳಗೆ, ಯಾರಿಗಾದರೂ ಕಾಣುವಂತೆ ಇದೆ.

‘ನಿನಗ ಹೆಂಗ ಗೊತ್ತಾತು?’ ಎಂದೆ.

‘ಹೆಂಗ ಅಂದ್ರ? ಇದ ಹೆಬ್ಬಟ್ಟಲೆ ನನಗ ತುತ್ತು ಇಟ್ಟಾಳ. ಹದಿನಾಕು ವರ್ಷ ಇದ ಕೈಯಾಗ ಬೆಳದೀನಿ. ಈ ಗೆರಿ ನನ್ನ ಗಲ್ಲಕ್ಕ ಚುಚ್ಚತಿತ್ತು.’ ಅವಳು ಪತ್ರಿಕೆಯನ್ನು ಸೀರೆಯ ಸೆರಗಿನಿಂದ ಒರೆಸಿದಳು. ‘ಆಕಿ ಹೆಸರು ಬರದಾರೇನ ಕೆಳಗ? ಓದ್ ನೋಡು.’

ನಾನು ಓದಿದೆ. ಓದಿದ ಮೇಲೆಯೇ ನನಗೂ ಅರ್ಥವಾಯಿತು. ‘ಮುಕಾದಮ ಫಕೀರಪ್ಪ’ ಎಂದೆ.

ಅತ್ತೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದಳು. ಇನ್ನೊಮ್ಮೆ ಓದು ಎಂದಳು, ಇನ್ನೊಮ್ಮೆ ಓದಿದೆ. ಇದಕ್ಕೆ ಯಾರು ಹೂಂ ಅಂದರು ಎಂದು ಕೇಳಿದಳು. ಸುಳ್ಳು ಹೇಳಬಹುದಿತ್ತು, ಹೇಳಲು ಬಾಯಿ ಬರಲಿಲ್ಲ. ‘ನಾನ ಸಹಿ ಮಾಡೀನಿ, ಅತ್ತಿ,’ ಎಂದೆ.

ಅವಳು ಬೈಯಲಿಲ್ಲ. ಬೈದಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ. ‘ಹಂಗಾರ ನೀನೂ ಮುಕಾದಮ ಆದಿ,’ ಎಂದು ಹೇಳಿ, ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಆ ದಿನ ಅವಳ ಮನೆಯಲ್ಲಿ ನನಗೆ ಊಟಕ್ಕೆ ಏಳು ಎನ್ನಲಿಲ್ಲ.

ಮರುದಿನವೇ ನಾನು ನಿಮ್ಮ ಕಚೇರಿಗೆ ಬಂದೆ. ನೆನಪಿದೆಯೇ? ನನ್ನ ಬಾಯಿಂದ ನೀವು ಮಾತು ಕೇಳಿದ್ದು ಅದೇ ಮೊದಲು, ಹಾಗಾಗಿ ನೆನಪಿರಬೇಕು. ಮೂಲ ಕಾಗದ ತೋರಿಸಿ ಎಂದೆ. ಉದ್ಘಾಟನೆಯವರೆಗೆ ಮೊಹರು ಮಾಡಿದ್ದೇವೆ ಎಂದಿರಿ. ಪೂರ್ತಿ ಅರ್ಜಿ ಓದಿದ್ದೀರಾ ಎಂದೆ. ಸಾರಾಂಶ ಇದೆ ಎಂದಿರಿ. ಆ ಹೆಬ್ಬೆಟ್ಟು ಮರೆವ್ವ ಎಂಬ ಹೆಂಗಸಿನದು, ಫಕೀರಪ್ಪ ಆ ಸುತ್ತಿನಲ್ಲೇ ಇರಲಿಲ್ಲ ಎಂದೆ. ‘ದಾಖಲೆ ಇದೆಯೇ?’ ಎಂದು ಕೇಳಿದಿರಿ. ನನ್ನ ಅತ್ತೆಗೆ ಗುರುತಿದೆ ಎಂದಾಗ ನಿಮ್ಮ ಸಹಾಯಕರು ನಕ್ಕರು, ನೀವು ನಗಲಿಲ್ಲ, ಅಷ್ಟರ ಮಟ್ಟಿಗೆ ನಿಮಗೆ ಋಣಿ. ಆಮೇಲೆ ನೀವು ಬಹಳ ಮೃದುವಾಗಿ ಹೇಳಿದಿರಿ: ನೋಡುಗರಿಗೆ ಒಂದು ಮುಖ ಬೇಕು, ಒಂದು ಹೆಸರು ಬೇಕು, ಬರೀ ಹೆಬ್ಬೆಟ್ಟುಗಳನ್ನು ನೋಡಿ ಜನ ಏನು ಮಾಡುತ್ತಾರೆ? ಹೇಗೂ ಸಮುದಾಯದ ಪ್ರತಿನಿಧಿ ಒಪ್ಪಿದ್ದಾರಲ್ಲ?

‘ಯಾರು ಆ ಪ್ರತಿನಿಧಿ?’ ಎಂದು ಕೇಳಿದೆ.

‘ತುಮ್ಹೀಚ್,’ ಎಂದಿರಿ. ನೀವೇ.

ಆ ಹೊತ್ತಿನಿಂದ ನನಗೆ ಎಲ್ಲದರ ಮೇಲೂ ಗುಮಾನಿ. ನೀವು ನಾಲ್ಕು ಹೆಸರು ಕೇಳಿದ್ದು ಆಕಸ್ಮಿಕವೇ? 1932ರ ಆಗಸ್ಟಿನಲ್ಲಿ ಬ್ರಿಟಿಷರು ಪ್ರಾಂತೀಯ ಸಭೆಗಳಲ್ಲಿ ನಮಗೆ ಎಪ್ಪತ್ತೊಂದು ಸ್ಥಾನ ಕೊಟ್ಟರು, ಅವುಗಳಿಗೆ ಮತ ಹಾಕುವವರು ನಾವೇ ಎಂದರು. ಸೆಪ್ಟೆಂಬರಿನ ಯರವಡಾ ಒಪ್ಪಂದದಲ್ಲಿ ಅದು ನೂರಾ ನಲವತ್ತೆಂಟಾಯಿತು, ಆದರೆ ಮೊದಲು ನಾವು ನಾಲ್ವರನ್ನು ಆರಿಸುವುದು, ಆ ನಾಲ್ವರಲ್ಲಿ ಒಬ್ಬರನ್ನು ಎಲ್ಲರೂ ಸೇರಿ ಆರಿಸುವುದು ಎಂದಾಯಿತು. ಸ್ಥಾನ ಎರಡು ಪಟ್ಟು, ಕೊನೆಯ ಮಾತು ಇನ್ನೊಬ್ಬರದು. ಅದು ಲಾಭವೋ ನಷ್ಟವೋ ಎಂಬ ಜಗಳ ನಮ್ಮ ಮನೆಯಲ್ಲೇ ಇನ್ನೂ ಮುಗಿದಿಲ್ಲ. ಅಂದು ಆ ಜೈಲಿನ ಕೋಣೆಯಲ್ಲಿ ಉಪವಾಸ ಕೂತಿದ್ದ ಒಂದು ಜೀವ ಉಳಿಸುವ ಒತ್ತಡವಿತ್ತು, ಎರಡೂ ಕಡೆಯವರ ಮೇಲೆ ದೇಶದ ಕಣ್ಣಿತ್ತು ಎಂದು ಜೈಭೀಮ ಹೇಳುತ್ತಾನೆ, ಇರಲಿ. ನಿಮ್ಮ ಕೋಣೆಯಲ್ಲಿ ಯಾವ ಒತ್ತಡವಿತ್ತು? ಆ ನಾಲ್ವರ ಪದ್ಧತಿಗೂ ಹತ್ತು ವರ್ಷದ ಮಿತಿ ಹಾಕಿದ್ದರು. ಅದರ ಬಗ್ಗೆ ನಿಮ್ಮ ಗ್ಯಾಲರಿಯಲ್ಲಿ ಒಂದು ಇಡೀ ಗೋಡೆ ಇದೆ, ನಾನೇ ಕಣ್ಣಾರೆ ನೋಡಿದ್ದೇನೆ. ಗೋಡೆಯ ಮೇಲೆ ಅದನ್ನು ಚರಿತ್ರೆ ಎಂದು ಬರೆದವರು ಕಚೇರಿಯಲ್ಲಿ ಅದನ್ನೇ ಅರ್ಜಿಯ ನಮೂನೆ ಮಾಡಿಕೊಂಡಿರಿ. ಮಾಡಿ, ಬಾಯಿಬಿಡದವಳನ್ನು ಆರಿಸಿದಿರಿ.

ಇನ್ನೂ ಒಂದು ಗುಮಾನಿ. ಕಾಗದದ ಹಿಂಭಾಗದ ಕೆಂಪು ಶಾಯಿಯ ಸಾಲನ್ನು ನೀವು ಏಕೆ ತೋರಿಸುತ್ತಿಲ್ಲ? ‘ಮುಖಂಡನ ಹೆಸರಿಲ್ಲ’ ಎಂದು ಆ ಗುಮಾಸ್ತ ಬರೆದದ್ದನ್ನು ತೋರಿಸಿದರೆ, ನೀವು ಬರೆದ ಮುಖಂಡನ ಹೆಸರು ಎಲ್ಲಿಂದ ಬಂತು ಎಂದು ಶಾಲೆಯ ಮಗುವೂ ಕೇಳುತ್ತದೆ. ಆ ಗುಮಾಸ್ತನ ಮೇಲೆ ನಮ್ಮ ಕೇರಿ ಇಷ್ಟು ವರ್ಷ ಸಿಟ್ಟಾಗಿತ್ತು. ಈಗ ನೋಡಿದರೆ ಅವನೇ ವಾಸಿ ಎನಿಸುತ್ತಿದೆ. ಹೆಸರಿಲ್ಲದ್ದಕ್ಕೆ ಹೆಸರಿಲ್ಲ ಎಂದು ಬರೆದು ಕಾಗದ ವಾಪಸು ಕೊಟ್ಟ. ನೀವು ಹೆಸರು ತುಂಬಿಸಿ ಕಾಗದ ಇಟ್ಟುಕೊಂಡಿರಿ.

ನಿಮಗೆ ಕೆಟ್ಟ ಉದ್ದೇಶವಿತ್ತು ಎಂದು ಸಾಧಿಸಲು ನನ್ನಲ್ಲಿ ಆಧಾರವಿಲ್ಲ. ಫಕೀರಪ್ಪನ ಮರಿಮಕ್ಕಳು ಯಾರೋ, ಎಲ್ಲಿದ್ದಾರೋ ನನಗೆ ಗೊತ್ತಿಲ್ಲ, ಅವರ ಮೇಲೆ ನನಗೆ ಹಗೆಯೂ ಇಲ್ಲ. ಬಹುಶಃ ನಿಮಗೆ ಅವಸರವಿತ್ತು, ಮಂತ್ರಿಗಳ ದಿನಾಂಕ ಸಿಕ್ಕಿತ್ತು, ಅಷ್ಟೇ ಇರಬಹುದು. ಆದರೆ ಅವಸರ ಬಿದ್ದಾಗಲೆಲ್ಲ ಕೈ ಹೋಗುವುದು ಮುಕಾದಮನ ಹೆಸರಿಗೇ ಏಕೆ? ನಲವತ್ತೆರಡು ಜನ ಒಟ್ಟಿಗೆ ಯೋಚಿಸಬಲ್ಲರು, ತಮಗೆ ಬೇಕಾದದ್ದನ್ನು ತಾವೇ ಹೇಳಬಲ್ಲರು ಎಂಬುದು ನಿಮ್ಮ ನಂಬಿಕೆಗೆ ಏಕೆ ಇಳಿಯುವುದಿಲ್ಲ? ಆಗಿನ ಆಯೋಗಕ್ಕೂ ಇದೇ ಕಷ್ಟವಿತ್ತು. ಅವರು ಸಮುದ್ರ ದಾಟಿ ಬಂದವರು. ನೀವು ರಿಕ್ಷಾದಲ್ಲಿ ಬರುವಷ್ಟು ದೂರದಲ್ಲಿದ್ದೀರಿ.

ಇನ್ನು ನನ್ನ ಬೇಡಿಕೆ. ಫಕೀರಪ್ಪನ ಹೆಸರನ್ನೂ, ‘ಅನುಯಾಯಿಗಳು’ ಎಂಬ ಮಾತನ್ನೂ, ಹೆಬ್ಬೆಟ್ಟುಗಳ ಮೇಲಿನ ಅಂಕಿಗಳನ್ನೂ ತೆಗೆಯಿರಿ. ಸುತ್ತನ್ನು ಸುತ್ತಾಗಿಯೇ ತೋರಿಸಿ. ಅರ್ಜಿಯ ಎಲ್ಲ ಸಾಲುಗಳನ್ನೂ ಹಿಂಭಾಗದ ಕೆಂಪು ಶಾಯಿಯನ್ನೂ ತೋರಿಸಿ, ಗೋಡೆ ಸಾಲದಿದ್ದರೆ ಮಂತ್ರಿಗಳ ಭಾವಚಿತ್ರವನ್ನು ಸ್ವಲ್ಪ ಚಿಕ್ಕದು ಮಾಡಿ. ನನ್ನನ್ನು ಪ್ರತಿನಿಧಿತ್ವದಿಂದ ಕೈಬಿಡಿ. ನಮ್ಮ ಕೇರಿ ಒಬ್ಬರನ್ನು ಆರಿಸಿ ಕಳಿಸುತ್ತದೆ, ನಾಲ್ವರನ್ನು ಕಳಿಸುವುದಿಲ್ಲ. ಮತ್ತು ನಿಮ್ಮ ಕಡತದಿಂದ ನನ್ನ ಸಹಿಯನ್ನು ಹೊಡೆದುಹಾಕಿ, ‘ಈ ಒಪ್ಪಿಗೆ ಕೇರಿಯದಲ್ಲ’ ಎಂದು ಬರೆದು, ಅದರ ಪ್ರತಿಯನ್ನು ನನ್ನ ಕೈಗೆ ಕೊಡಿ. ಆ ಕೊನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಏಕೆಂದು ಹೇಳುತ್ತೇನೆ.

ಕಳೆದ ಭಾನುವಾರ ನಮ್ಮ ಕೇರಿ ಸೇರಿತು. ನಿಮಗೆ ಕೊಡಲು ಒಂದು ಅರ್ಜಿ ಸಿದ್ಧವಾಯಿತು. ಜೈಭೀಮ ಅದನ್ನು ಮೂರು ಸಲ ಗಟ್ಟಿಯಾಗಿ ಓದಿದ. ತನಿಯಪ್ಪನವರು ಮೂರರ ಬದಲು ಐದು ಪ್ರಶ್ನೆ ಕೇಳಿದರು. ಆಮೇಲೆ ಅತ್ತೆ ಅಡುಗೆಮನೆಯಿಂದ ಪರಾತ ತಂದು ಕಾಗದದ ಮೇಲೆ ಕವುಚಿದಳು. ಬಿಎ ಮಾಡಿದವರು, ಐಟಿಐ ಮಾಡಿದವರು, ವಕೀಲ ಸುದೀಪ, ಎಲ್ಲರೂ ಪೆನ್ನು ಜೇಬಿಗೆ ಹಾಕಿ ಹೆಬ್ಬೆಟ್ಟು ಒತ್ತಿದರು. ನನ್ನ ಸರದಿ ಬಂತು. ನಾನು ಕಾಡಿಗೆಯಲ್ಲಿ ಬೆರಳು ಅದ್ದಿದೆ. ಅತ್ತೆ ನನ್ನ ಮಣಿಕಟ್ಟು ಹಿಡಿದಳು.

‘ತಡಿಯವ್ವ. ಮೊದ್ಲ ಆ ಸಹಿ ಅಳಿಸ್ಕೊಂಡ್ ಬಾ. ಎರಡೂ ಕಡಿ ನಿನ್ನ ಬಟ್ಟ ಇರಬಾರ್ದು.’

ನಾನು ಬೆರಳನ್ನು ಸೀರೆಗೆ ಒರೆಸಿಕೊಂಡೆ, ಆ ಕಲೆ ಇನ್ನೂ ಹೋಗಿಲ್ಲ. ಅತ್ತೆ ಉಳಿದವರಿಗೆಲ್ಲ ಒಂದಿಷ್ಟು ಸರಿದು ಒತ್ತಲು ಹೇಳಿ, ಸುತ್ತಿನಲ್ಲಿ ಒಂದು ಹೆಬ್ಬೆಟ್ಟಿನ ಜಾಗವನ್ನು ಖಾಲಿ ಬಿಡಿಸಿದಳು.

ಉದ್ಘಾಟನೆಗೆ ಅವಳು ಬಂದೇ ಬರುತ್ತಾಳೆ. ‘ದೀಪ ಹಚ್ಚಂದ್ರ ಹಚ್ತೀನಿ, ಆಮ್ಯಾಲ ಮಂದಿ ಮುಂದ ಕಾಗದ ಹೇಳ್ತೀನಿ’ ಎಂದು ಕೇರಿಗೆಲ್ಲ ಸಾರಿದ್ದಾಳೆ. ಅವಳಿಗೆ ನೀವು ಬರೆದದ್ದನ್ನು ಓದಲು ಬಾರದು, ಕಾಗದದಲ್ಲಿರುವುದು ಬಾಯಿಗೆ ಬರುತ್ತದೆ. ಮೈಕ್ ಕೊಡುತ್ತೀರೋ ಇಲ್ಲವೋ ನಿಮ್ಮಿಷ್ಟ, ಗಣಿಯಲ್ಲಿ ಬೆಳೆದ ಗಂಟಲು ಅದು. ನೀವು ಅದಕ್ಕೆ ಮೊದಲೇ ನನಗೆ ಆ ಪ್ರತಿಯನ್ನು ಕೊಟ್ಟರೆ, ಅವಳ ಕೈಯಲ್ಲಿರುವ ಹೊಸ ಅರ್ಜಿಯಲ್ಲಿ ಖಾಲಿ ಜಾಗ ಇರುವುದಿಲ್ಲ. ಕೊಡದಿದ್ದರೆ, ಅವಳು ಅದನ್ನು ಹಾಗೆಯೇ ಎತ್ತಿ ಹಿಡಿಯುತ್ತಾಳೆ. ಆ ಜಾಗ ಯಾರದು ಎಂದು ಕೇಳಿದವರಿಗೆ ನಾನೇ ಎದ್ದು ನಿಂತು ಹೇಳುತ್ತೇನೆ.

ಇಂತಿ,
ನೀವು ಆರಿಸಿದ, ನಮ್ಮವರು ಇನ್ನೂ ಸುತ್ತಿನೊಳಗೆ ಸೇರಿಸಿಕೊಳ್ಳದ,
ನಾಲ್ಕನೇ ಚೌಕದ ಅನುಸೂಯಾ
ದೇಹೂ ರೋಡ್, ಪುಣೆ